ಗೋಲ್ಡನ್ ಆಸ್ಟರ್: ಗುರುತಿಸುವ ಬಗೆ, ಬೆಳೆಸುವ ಕ್ರಮ

ಆಸ್ಟರ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಹೂವಿನ ಮಾರುಕಟ್ಟೆಯ ನೇರಳೆ, ಗುಲಾಬಿ ಹಾಗೂ ಬಿಳಿ ಬಣ್ಣದ ಚೀನಾ ಆಸ್ಟರ್. ಉತ್ತರ ಅಮೆರಿಕದ ಗೋಲ್ಡನ್ ಆಸ್ಟರ್ ಅದಲ್ಲ. ಸೇವಂತಿಗೆ, ಸೂರ್ಯಕಾಂತಿ, ಚೆಂಡುಹೂಗಳ ಕುಟುಂಬಕ್ಕೇ ಸೇರಿದ ಈ ಗಿಡದ ಎಸಳೂ ಹಳದಿ, ನಡುವಿನ ಬಿಲ್ಲೆಯೂ ಹಳದಿ.

ಹೆಸರು ಮತ್ತು ಬಳಗ

ಇದರ ಸಸ್ಯಶಾಸ್ತ್ರೀಯ ಹೆಸರು ಕ್ರೈಸಾಪ್ಸಿಸ್. ಗ್ರೀಕ್ ಭಾಷೆಯಲ್ಲಿ 'ಕ್ರೈಸೋಸ್' ಎಂದರೆ ಚಿನ್ನ, 'ಆಪ್ಸಿಸ್' ಎಂದರೆ ನೋಟ. ಗೋಲ್ಡನ್ ಆಸ್ಟರ್ ಎಂದು ಕರೆಯಲಾಗುವ ಗಿಡಗಳನ್ನು ಇಂದು ಕ್ರೈಸಾಪ್ಸಿಸ್, ಹೆಟೆರೋಥೀಕಾ ಮತ್ತು ಪಿಟಿಯಾಪ್ಸಿಸ್ ಮುಂತಾದ ಕುಲಗಳಲ್ಲಿ ಹಂಚಲಾಗಿದೆ. ಅಮೆರಿಕದ ಪೂರ್ವ ಹಾಗೂ ಆಗ್ನೇಯ ರಾಜ್ಯಗಳ ತೋಟಗಳಿಗೆ ಹೆಚ್ಚು ಒಗ್ಗುವುದು ಮೇರಿಲ್ಯಾಂಡ್ ಗೋಲ್ಡನ್ ಆಸ್ಟರ್, ಅಂದರೆ ಕ್ರೈಸಾಪ್ಸಿಸ್ ಮರಿಯಾನ. ಮರಳುಮಿಶ್ರಿತ ಒಣನೆಲ, ಪೈನ್ ಕಾಡಿನ ತೆರವು ಹಾಗೂ ರಸ್ತೆಯಂಚು ಇದರ ಸಹಜ ನೆಲೆ.

ಗುರುತಿಸುವುದು ಹೇಗೆ?

ಇದು ಬಹುವಾರ್ಷಿಕ ಸಸ್ಯ. ಸಾಮಾನ್ಯವಾಗಿ 30ರಿಂದ 60 ಸೆಂ.ಮೀ. ಎತ್ತರ ಬೆಳೆಯುತ್ತದೆ. ಎಳೆಯ ಕಾಂಡ ಮತ್ತು ಎಲೆಗಳ ಮೇಲೆ ರೇಷ್ಮೆಯಂತಹ ಉದ್ದ ರೋಮಗಳಿದ್ದು, ಗಿಡ ಬಲಿತಂತೆ ಅವು ಉದುರುತ್ತವೆ. ಎಲೆಗಳು ಕಾಂಡದಲ್ಲಿ ಒಂದಾದ ಮೇಲೊಂದು ಪರ್ಯಾಯವಾಗಿರುತ್ತವೆ. ಸುಮಾರು ಎರಡು-ಮೂರು ಸೆಂ.ಮೀ. ಅಗಲದ ಹೂಗಳು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅರಳುತ್ತವೆ. ಹೂವಿನ ತೊಟ್ಟು ಮುಟ್ಟಿದರೆ ಅಂಟಂಟಾಗಿರುತ್ತದೆ.

ಅದೇ ಋತುವಿನಲ್ಲಿ ಅರಳುವ ಗೋಲ್ಡನ್‌ರಾಡ್‌ನೊಡನೆ ಇದನ್ನು ಬೆರೆಸಿಕೊಳ್ಳುವವರುಂಟು. ಗೋಲ್ಡನ್‌ರಾಡ್‌ನ ಹೂಗಳು ಅತಿ ಸಣ್ಣವು, ಗೊಂಚಲುಗಟ್ಟಿರುತ್ತವೆ. ಖಚಿತ ಗುರುತು ಬೇಕಿದ್ದರೆ ಬಾಡಿದ ಹೂವೊಂದನ್ನು ಬಿಡಿಸಿ ನಡುವಿನ ಬೀಜವನ್ನು ಭೂತಗನ್ನಡಿಯಲ್ಲಿ ನೋಡಬೇಕು. ಬೀಜದ ತಲೆಯ ಮೇಲೆ ಎರಡು ಸುತ್ತು ರೋಮಗಳಿರುತ್ತವೆ: ಒಳಸುತ್ತು ಉದ್ದ, ಹೊರಸುತ್ತು ಬಹು ಗಿಡ್ಡ. ಸೂರ್ಯಕಾಂತಿಯ ಬೀಜದಲ್ಲಿ ಇಂತಹ ರೋಮಗುಚ್ಛ ಕಾಣದು.

ಬೆಳೆಸುವ ಕ್ರಮ

ಇಡೀ ದಿನ ಬಿಸಿಲು ಬೀಳುವ, ನೀರು ನಿಲ್ಲದ ಜಾಗವನ್ನು ಆರಿಸಿಕೊಳ್ಳಬೇಕು. ಜೇಡಿಮಣ್ಣಿದ್ದರೆ ಮರಳು ಬೆರೆಸಿ ಏರುಮಡಿ ಮಾಡುವುದು ಲೇಸು. ಚಳಿಗಾಲಕ್ಕೆ ಮುನ್ನ ಬೀಜವನ್ನು ಮಣ್ಣಿನ ಮೇಲೆ ಚೆಲ್ಲಿ, ತೆಳುವಾಗಿ ಮಣ್ಣು ಮುಚ್ಚಿದರೆ ಸಾಕು. ಬೇರು ಹಿಡಿಯುವವರೆಗೆ ಮಾತ್ರ ನೀರು ಅಗತ್ಯ. ಗೊಬ್ಬರ ಹೆಚ್ಚಾದರೆ ಗಿಡ ಉದ್ದವಾಗಿ ಬೆಳೆದು ಬಾಗಿ ಬೀಳುತ್ತದೆ. ಬೇಸಿಗೆಯ ಆರಂಭದಲ್ಲಿ ಕುಡಿ ಚಿವುಟಿದರೆ ಪೊದೆಯಂತೆ ಕವಲೊಡೆಯುತ್ತದೆ. ಒಣಗಿದ ಹೂತಲೆಗಳನ್ನು ಹಾಗೆಯೇ ಬಿಟ್ಟರೆ ಬೀಜ ಉದುರಿ ಹೊಸ ಸಸಿಗಳು ಏಳುತ್ತವೆ.

ಕೀಳುವ ಮುನ್ನ

ಈ ಬಳಗದಲ್ಲಿ ಗುರುತು ತಪ್ಪಿದರೆ ನಷ್ಟ ತೋಟಕ್ಕೆ ಮಾತ್ರವಲ್ಲ. ಬಿಳಿ ಉಣ್ಣೆಯಂತಹ ಎಲೆಗಳ ಫ್ಲಾರಿಡಾ ಗೋಲ್ಡನ್ ಆಸ್ಟರ್ ಫ್ಲಾರಿಡಾ ರಾಜ್ಯದ ಮರಳು ಕುರುಚಲುಗಾಡುಗಳನ್ನು ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬೆಳೆಯದು. ವಸತಿ ಬಡಾವಣೆ ಹಾಗೂ ಕಿತ್ತಳೆ ಜಾತಿಯ ತೋಟಗಳಿಗಾಗಿ ಆ ಕಾಡುಗಳನ್ನು ಸವರಿದ್ದರಿಂದ, 1986ರಲ್ಲಿ ಅದನ್ನು ಅಮೆರಿಕದ ಅಳಿವಿನಂಚಿನ ಸಸ್ಯಗಳ ಪಟ್ಟಿಗೆ ಸೇರಿಸಬೇಕಾಯಿತು. ಸಂರಕ್ಷಿತ ನೆಲಗಳಲ್ಲಿ ಸಸಿ ನೆಟ್ಟು ಕಾಪಾಡಿದ್ದರಿಂದ ಬಳಿಕ ಅದರ ಸ್ಥಿತಿ ಸುಧಾರಿಸಿದೆ. ಆದ್ದರಿಂದ ಅಲ್ಲಿ ನೆಲೆಸಿರುವ ಕನ್ನಡಿಗರು ಕಾಡಿನ ಗಿಡವನ್ನು ಕೀಳದೆ, ಬೀಜದಿಂದ ಬೆಳೆಸಿದ ಸಸಿಗಳನ್ನು ನರ್ಸರಿಯಿಂದ ಕೊಳ್ಳುವುದು ಒಳಿತು. ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ಬೀಜ ತರುವುದೂ ಸಲ್ಲದು. 2003ರ ಸಸ್ಯ ದಿಗ್ಬಂಧನ ಆದೇಶದ ಪ್ರಕಾರ ವಿದೇಶಿ ಬಿತ್ತನೆ ಬೀಜಕ್ಕೆ ಆಮದು ಪರವಾನಗಿ ಹಾಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು.