ಹಳೆಯ ಸಿಕ್ಕಾ: ಇಡಬೇಕೆ, ಮಾರಬೇಕೆ?



ನಮ್ಮ ರೋಜಾ ಭಾಗದ ಹಳೆಯ ಮನೆಗಳಲ್ಲಿ ಅಜ್ಜಿಯ ಸಂದೂಕು ತೆರೆದರೆ ಬಟ್ಟೆಯ ಗಂಟಿನಲ್ಲಿ ನಾಲ್ಕಾರು ಬೆಳ್ಳಿ ನಾಣ್ಯಗಳು ಸಿಗುವುದು ಅಪರೂಪವೇನಲ್ಲ. ಕಂಡ ಕೂಡಲೇ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಇದಕ್ಕೆ ಎಷ್ಟು ಬರ್ತದ?" ಕೇಳುವುದು ತಪ್ಪಲ್ಲ. ಆದರೆ ಬೆಲೆ ಕಟ್ಟುವ ಮೊದಲು ನಾಣ್ಯವನ್ನು ಓದಬೇಕು. ಉರ್ದು ಬಲ್ಲ ವಿದ್ಯಾರ್ಥಿಗೆ ಈ ವಿಷಯದಲ್ಲಿ ದೊಡ್ಡ ಅನುಕೂಲವಿದೆ.

ಹೆಚ್ಚಾಗಿ ಸಿಗುವುದು ನಿಜಾಮರ ಕಾಲದ ಹಾಲಿ ಸಿಕ್ಕಾ. ಒಂದು ಬದಿಗೆ ಚಾರ್ ಮಿನಾರ್. ಅದರ ಬಾಗಿಲಲ್ಲಿ 'ಮೀಮ್' ಅಕ್ಷರವಿದ್ದರೆ ಮೀರ್ ಮಹಬೂಬ್ ಅಲಿ ಖಾನರ ಕಾಲದ್ದು, 'ಐನ್' ಇದ್ದರೆ ಮೀರ್ ಉಸ್ಮಾನ್ ಅಲಿ ಖಾನರ ಕಾಲದ್ದು. ಇನ್ನೊಂದು ಬದಿಗೆ 'ಜರ್ಬ್' ಎಂಬ ಪದ, ಅಂದರೆ ಅಚ್ಚು ಹಾಕಿದ್ದು. ಜೊತೆಗೆ ಹೈದರಾಬಾದಿನ ಹೆಸರು ಮತ್ತು ಆಳ್ವಿಕೆಯ ಎಷ್ಟನೇ ವರ್ಷ ಎಂಬುದು. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. 1330 ಎಂದಿದ್ದರೆ 1912. ಬೆಳ್ಳಿಯ ರೂಪಾಯಿ ಸುಮಾರು 11.18 ಗ್ರಾಂ ತೂಗುತ್ತಿತ್ತು. ಬ್ರಿಟಿಷರ ರೂಪಾಯಿಯನ್ನು ನಮ್ಮ ಹಿರಿಯರು 'ಕಲ್ದಾರ್' ಎನ್ನುತ್ತಿದ್ದರು. ಆರು ಕಲ್ದಾರಿಗೆ ಏಳು ಹಾಲಿ ರೂಪಾಯಿ ಲೆಕ್ಕ. 1948ರಲ್ಲಿ ನಿಜಾಮರ ಆಡಳಿತ ಮುಗಿದರೂ ಈ ಹಣ ತಕ್ಷಣ ಮಾಯವಾಗಲಿಲ್ಲ, 1959ರಲ್ಲಿ ಚಲಾವಣೆ ಪೂರ್ತಿ ನಿಂತಿತು.

ಅದಕ್ಕೂ ಹಿಂದಿನ ಕಥೆ ನಮ್ಮ ಊರಿನದೇ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದಾಗ ಕಲಬುರಗಿಗೆ 'ಅಹಸನಾಬಾದ್' ಎಂಬ ಹೆಸರಾಯಿತು, ಆ ಹೆಸರು ನಾಣ್ಯದ ಮೇಲೂ ಬಂತು. ಮೊದಲ ಸುಲ್ತಾನನು ಗಂಗು ಎಂಬ ಬ್ರಾಹ್ಮಣನ ಆಳಾಗಿದ್ದನು, ಅದರಿಂದಲೇ 'ಬಹಮನಿ' ಎಂದಾಯಿತು ಎಂದು ಇತಿಹಾಸಕಾರ ಫರಿಶ್ತಾ ಬರೆದ ಕಥೆಯನ್ನು ನೀವು ಕೇಳಿರಬಹುದು. ಅವನ ನಾಣ್ಯದಲ್ಲಿರುವುದು 'ಬಹಮನ್ ಶಾಹ್' ಎಂದು, ಗಂಗುವಿನ ಹೆಸರಿಲ್ಲ. ಪುಸ್ತಕಕ್ಕಿಂತ ನಾಣ್ಯ ಎರಡೂವರೆ ಶತಮಾನ ಹಳೆಯ ಸಾಕ್ಷಿ. ಹಜರತ್ ಬಂದೇ ನವಾಜರು ಕಲಬುರಗಿಗೆ ಬಂದಾಗ ಪೇಟೆಯಲ್ಲಿ ಓಡಾಡುತ್ತಿದ್ದುದು ಫಿರೋಜ್ ಶಾಹನ (1397–1422) ಟಂಕಗಳು.

ಅದೇ ಫರಿಶ್ತಾ ಇನ್ನೊಂದು ಘಟನೆ ಹೇಳುತ್ತಾನೆ. ಒಂದನೇ ಮುಹಮ್ಮದ್ ಶಾಹನ (1358–1375) ನಾಣ್ಯಗಳನ್ನು ಸರಾಫರು ಕರಗಿಸಿಬಿಡುತ್ತಿದ್ದರಂತೆ. ವಿಜಯನಗರ ಮತ್ತು ವಾರಂಗಲ್ಲಿನ ಅರಸರ ಪ್ರೇರಣೆ ಅದಕ್ಕಿತ್ತಂತೆ. ಕೊನೆಗೆ ಸುಲ್ತಾನನು ಅವರಿಗೆ ಮರಣದಂಡನೆ ವಿಧಿಸಿದನಂತೆ. ಶಿಕ್ಷೆ ಕ್ರೂರವಾದುದು, ಅದನ್ನು ಸಮರ್ಥಿಸುವ ಅಗತ್ಯ ನಮಗಿಲ್ಲ. ಪಿತೂರಿಯ ಮಾತನ್ನೂ ನಾನು ಪೂರ್ತಿ ನಂಬಲಾರೆ. ಜನರಿಗೆ ರೂಢಿಯಿದ್ದುದು ದಕ್ಷಿಣದ ಹೊನ್ನು. ಹೊಸ ನಾಣ್ಯದ ಲೋಹ ಒಳ್ಳೆಯದಾಗಿದ್ದರೆ ಕರಗಿಸಲು ವ್ಯಾಪಾರಿಗೆ ರಾಜನ ಪ್ರೇರಣೆ ಬೇಕಿಲ್ಲ.

ಕರಗಿಸುವುದು ಇಂದಿಗೂ ನಿಂತಿಲ್ಲ ಎಂಬುದೇ ಸಂಕಟ. ಅಕ್ಕಸಾಲಿಗನ ತಕ್ಕಡಿಯಲ್ಲಿ ಹಾಲಿ ಸಿಕ್ಕಾ ಬರೀ ಬೆಳ್ಳಿ. ಮದುವೆ ಅಥವಾ ಆಸ್ಪತ್ರೆಯ ಖರ್ಚಿಗೆ ಮಾರುವವರನ್ನು ಯಾರೂ ದೂರಲಾಗದು. ಮಾರಬೇಕಾದರೆ ತೂಕಕ್ಕೆ ಕೊಡದೆ ಸಂಗ್ರಾಹಕರಿಗೆ ತೋರಿಸಿ ಎಂದಷ್ಟೇ ನನ್ನ ಮಾತು. ಹುಣಸೆಹಣ್ಣು ಹಚ್ಚಿ ಬೆಳಗಬೇಡಿ, ಹೊಳಪು ಬಂದಷ್ಟೂ ಸಂಗ್ರಾಹಕರ ಬೆಲೆ ಇಳಿಯುತ್ತದೆ. ಕಮಲಾಪುರದ ಕಡೆಯ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳು ರೂಪಾಯಿಗೆ ಕೊಂಡಿ ಬೆಸೆದು ಸರ ಮಾಡಿಕೊಂಡಿರುತ್ತಾರೆ. ಸಂಗ್ರಾಹಕನ ಕಣ್ಣಿಗೆ ಅದು ಕೆಟ್ಟ ನಾಣ್ಯ, ಆದರೆ ಅವರ ಮನೆಯ ಇತಿಹಾಸ ಆ ಕೊಂಡಿಯಲ್ಲೇ ಇದೆ.

ಹೊಲದಲ್ಲಿ ಅಥವಾ ಪಾಯ ತೋಡುವಾಗ ಸಿಕ್ಕ ಗಡಿಗೆಯ ಮಾತು ಬೇರೆ. ಅದು ಸಿಕ್ಕವನ ಸೊತ್ತಲ್ಲ. 1962ರ ಕರ್ನಾಟಕ ನಿಧಿ ಕಾಯ್ದೆಯಿದೆ, ಸರ್ಕಾರಕ್ಕೆ ತಿಳಿಸಬೇಕು. ಗಡಿಗೆಯ ನಾಣ್ಯಗಳನ್ನು ಹಂಚಿಕೊಂಡರೆ ಯಾವುದರ ಜೊತೆ ಯಾವುದಿತ್ತು ಎಂಬ ಸಾಕ್ಷಿ ಶಾಶ್ವತವಾಗಿ ಹೋಗುತ್ತದೆ. ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದನ್ನು 1972ರ ಪ್ರಾಚ್ಯವಸ್ತು ಕಾಯ್ದೆ ನಿಷೇಧಿಸಿದೆ. ಗಲ್ಫಿಗೆ ಹೋಗುವ ಬಂಧುಗಳ ಕೈಯಲ್ಲಿ ಕಾಣಿಕೆಯೆಂದು ಕಳಿಸುವವರು ಇದನ್ನು ನೆನಪಿಡಬೇಕು.

ಇನ್ನು ಮೋಸದ ಮಾತು. 786 ಸಂಖ್ಯೆಯ ನೋಟಿಗೆ, ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ಮೊಬೈಲಿಗೆ ಸಂದೇಶ ಬರುತ್ತದೆ, ಮೊದಲು 'ಶುಲ್ಕ' ಕಟ್ಟಿಸಿಕೊಳ್ಳುತ್ತಾರೆ. ರಿಜರ್ವ್ ಬ್ಯಾಂಕು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು 2021ರಲ್ಲೇ ಪ್ರಕಟಣೆ ಹೊರಡಿಸಿದೆ. 786ರ ನೋಟನ್ನು ಬರ್ಕತ್ತಿಗೆಂದು ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ; ಮಾರಲೆಂದು ದುಡ್ಡು ಕಳಿಸಬೇಡಿ.

ಇಡುವುದಾದರೆ ಒಂದೊಂದು ನಾಣ್ಯಕ್ಕೂ ಒಂದೊಂದು ಕಾಗದದ ಲಕೋಟೆ ಮಾಡಿ, ಅಗ್ಗದ ಪ್ಲಾಸ್ಟಿಕ್ ಬೇಡ. ಮೇಲೆ ತೂಕ, ಓದಿದ ಬರಹ, ವರ್ಷ ಬರೆಯಿರಿ. ಅದು ಯಾರ ಕೈಯಿಂದ ಮನೆಗೆ ಬಂತು ಎಂಬುದನ್ನು ಅಜ್ಜಿಯನ್ನೇ ಕೇಳಿ ಬರೆಯಿರಿ, ಅವರಿರುವಾಗಲೇ.