ಒಂದೇ ಪೆಟ್ಟಿಗೆ, ಎರಡು ಸಂಸಾರ

ಈ ಸಲ ಹಾಡಿನ ಸುದ್ದಿ ಬಿಟ್ಟು ಕಂಪ್ಯೂಟರಿನ ಸುದ್ದಿ. ಆದರೆ ಶುರುವಾಗುವುದು ರೇಡಿಯೋದಿಂದಲೇ.

2003ರ ಒಂದು ಭಾನುವಾರ ಮಾಟುಂಗದ ನೆಂಟರ ಮನೆಯಲ್ಲಿ ನಾಮಕರಣವಿತ್ತು. ಅದೇ ದಿನ ಮಧ್ಯಾಹ್ನ ಎರಡಕ್ಕೆ ರೇಡಿಯೋದ ಕನ್ನಡ ಕಾರ್ಯಕ್ರಮದಲ್ಲಿ ಅಮ್ಮ ಬರೆದ ಪತ್ರ ಓದುವವರಿದ್ದರು. "ನೀನೇನೂ ಯೋಚನೆ ಮಾಡಬೇಡಮ್ಮ, ಕಂಪ್ಯೂಟರ್ ತಾನಾಗಿಯೇ ರೆಕಾರ್ಡ್ ಮಾಡಿಕೊಳ್ಳುತ್ತೆ" ಎಂದು ಧೈರ್ಯ ಹೇಳಿದೆ. ರೇಡಿಯೋದಿಂದ ಕಂಪ್ಯೂಟರಿಗೆ ಒಂದು ವೈರು ಎಳೆದು, ಎರಡು ಗಂಟೆಗೆ ಶುರುವಾಗುವಂತೆ ಹೊತ್ತು ನಿಗದಿ ಮಾಡಿ ಹೊರಟೆವು. ಊಟ, ಹರಟೆ ಎಲ್ಲ ಮುಗಿಸಿ ಮನೆಗೆ ಬಂದು ಹಾಕಿ ಕೇಳಿದರೆ ಬರೀ ಹಿಂದಿ ಸಿನಿಮಾ ಹಾಡುಗಳು. ಕಂಪ್ಯೂಟರ್ ತನಗೆ ಹೇಳಿದ ಕೆಲಸವನ್ನು ನಿಷ್ಠೆಯಿಂದಲೇ ಮಾಡಿತ್ತು, ಆದರೆ ಸಂಜೆ ಏಳೂವರೆಗೆ. ಅಮ್ಮನ ಪತ್ರ ಓದುವ ಹೊತ್ತಿಗೆ ಅದರ ಲೆಕ್ಕದಲ್ಲಿ ಇನ್ನೂ ಬೆಳಿಗ್ಗೆ ಎಂಟೂವರೆ.

ಕಾರಣ ಗೊತ್ತಾಗಲು ವಾರ ಹಿಡಿಯಿತು. ಆ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಹಾಕಿದ್ದೆ. ಕಂಪ್ಯೂಟರಿನೊಳಗೆ ಸಣ್ಣ ಬ್ಯಾಟರಿಯ ಮೇಲೆ ಓಡುವ ಗಡಿಯಾರ ಒಂದಿರುತ್ತದೆ. ಅದರಲ್ಲಿ ಊರಿನ ವೇಳೆಯೇ ಇರಬೇಕು ಎನ್ನುವುದು ಡಾಸ್ ಕಾಲದಿಂದ ವಿಂಡೋಸಿಗೆ ಬಂದ ಪದ್ಧತಿ. ಗ್ರೀನಿಚ್ ವೇಳೆ ಇಟ್ಟುಕೊಂಡು ಊರಿನ ವೇಳೆಯನ್ನು ಲೆಕ್ಕ ಹಾಕಿ ತೋರಿಸಬೇಕು ಎನ್ನುವುದು ಯುನಿಕ್ಸ್ ಮನೆತನದ ಪದ್ಧತಿ. ಹಿಂದಿನ ರಾತ್ರಿ ಲಿನಕ್ಸಿನಲ್ಲಿ ಕೆಲಸ ಮಾಡಿ ಮುಚ್ಚಿದ್ದೆ, ಅದು ಹೋಗುವಾಗ ಗಡಿಯಾರವನ್ನು ಗ್ರೀನಿಚ್ಚಿಗೆ ತಿರುಗಿಸಿಟ್ಟು ಹೋಗಿತ್ತು. ಬೆಳಿಗ್ಗೆ ಎದ್ದ ವಿಂಡೋಸ್ ಅದನ್ನೇ ಭಾರತದ ವೇಳೆ ಎಂದು ನಂಬಿತು. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ. ಲಂಡನ್ನಿನವರಿಗೆ ಚಳಿಗಾಲದಲ್ಲಿ ಈ ಕಾಟವೇ ಇಲ್ಲ ನೋಡಿ!

ಹೀಗೆ ಒಂದೇ ಯಂತ್ರದಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಇಟ್ಟುಕೊಂಡು ಬೇಕಾದಾಗ ಬೇಕಾದ್ದನ್ನು ಎಬ್ಬಿಸುವುದಕ್ಕೆ ಡ್ಯುಯಲ್ ಬೂಟ್ ಎನ್ನುತ್ತಾರೆ. ಗಡಿಯಾರದ ಜಗಳ ಅದರಲ್ಲಿ ತೀರ ಚಿಕ್ಕದು. ದೊಡ್ಡ ಜಗಳ ನಡೆದದ್ದು ಹೊಸ್ತಿಲಿನ ಮೇಲೆ. ಕರೆಂಟು ಹಾಕಿದ ಮೊದಲ ಕೆಲವು ಕ್ಷಣ ಯಂತ್ರ ಯಾರ ಮಾತು ಕೇಳಬೇಕು ಎಂಬುದರ ಬಗ್ಗೆ ಕಂಪನಿಗಳು ಕೋರ್ಟಿನ ತನಕ ಹೋಗಿವೆ.

ಮೊದಲು ಇಂಥ ಜಗಳಕ್ಕೆ ಆಸ್ಪದವೇ ಇರಲಿಲ್ಲ. 1981ರ ಆಗಸ್ಟ್ 12ರಂದು ಐಬಿಎಂ ತನ್ನ ಪಿಸಿಯನ್ನು ಘೋಷಿಸಿದಾಗ ಅದರೊಳಗೆ ಹಾರ್ಡ್ ಡಿಸ್ಕ್ ಇರಲಿಲ್ಲ. ಯಾವ ಫ್ಲಾಪಿ ತುರುಕುತ್ತೀರೋ ಅದೇ ಆಪರೇಟಿಂಗ್ ಸಿಸ್ಟಂ. ಐಬಿಎಂ ಮೂರು ಆಯ್ಕೆ ಹೇಳಿತ್ತು: ಮೈಕ್ರೋಸಾಫ್ಟ್ ಒದಗಿಸಿದ ಪಿಸಿ ಡಾಸ್, ಗ್ಯಾರಿ ಕಿಲ್ಡಾಲ್ ಅವರ ಡಿಜಿಟಲ್ ರಿಸರ್ಚ್ ಕಂಪನಿಯ ಸಿಪಿ/ಎಂ-86, ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಬಂದ ಪಿ-ಸಿಸ್ಟಂ. ಡಾಸಿನ ಬೆಲೆ 40 ಡಾಲರ್, ಸಿಪಿ/ಎಂ-86 ಬೆಲೆ 240 ಡಾಲರ್. ಯಾವುದು ಗೆದ್ದಿತು ಎಂದು ಹೇಳಬೇಕಾಗಿಲ್ಲ. ಆದರೂ ಇನ್ನೊಂದು ಬೇಕೆನಿಸಿದವನು ಫ್ಲಾಪಿ ಬದಲಿಸಿದರಾಯಿತು, ಯಾರ ಅಪ್ಪಣೆಯೂ ಬೇಕಿರಲಿಲ್ಲ.

1983ರ ಮಾರ್ಚಿನಲ್ಲಿ ಬಂದ ಪಿಸಿ ಎಕ್ಸ್‌ಟಿಯಲ್ಲಿ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಕೂತಿತು. ಇದನ್ನು ಫ್ಲಾಪಿಯ ಹಾಗೆ ಕಿತ್ತು ಬದಲಿಸಲಾಗದು. ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳು ಒಂದೇ ಡಿಸ್ಕಿನಲ್ಲಿ ಹೇಗೆ ಬಾಳಬೇಕು? ಜೊತೆಗೆ ಬಂದ ಡಾಸ್ 2.0ರಲ್ಲಿ ಉತ್ತರವಿತ್ತು. ಡಿಸ್ಕಿನ ಮೊಟ್ಟಮೊದಲ ಸೆಕ್ಟರ್, ಅಂದರೆ ಬರೀ 512 ಬೈಟುಗಳ ಜಾಗ, ಯಾರಿಗೂ ಸೇರದ ಹೊಸ್ತಿಲು. ಅದಕ್ಕೆ ಮಾಸ್ಟರ್ ಬೂಟ್ ರೆಕಾರ್ಡ್ ಎಂದು ಹೆಸರು. ಅದರಲ್ಲಿ 446 ಬೈಟು ಒಂದು ಪುಟ್ಟ ಪ್ರೋಗ್ರಾಮಿಗೆ, 64 ಬೈಟು ಡಿಸ್ಕನ್ನು ಹೇಗೆ ಪಾಲು ಮಾಡಿದ್ದಾರೆ ಎಂಬ ಪಟ್ಟಿಗೆ, ಕೊನೆಯ ಎರಡು ಬೈಟು ಗುರುತಿನ ಮುದ್ರೆಗೆ. ಪಾಲುಗಳು ನಾಲ್ಕೇ. ಅವುಗಳಲ್ಲಿ ಒಂದಕ್ಕೆ "ಇದನ್ನು ಎಬ್ಬಿಸು" ಎಂಬ ಗುರುತು. ಎಫ್‌ಡಿಸ್ಕ್ ಎಂಬ ಪ್ರೋಗ್ರಾಮಿನಿಂದ ಆ ಗುರುತನ್ನು ಒಂದರಿಂದ ಇನ್ನೊಂದಕ್ಕೆ ವರ್ಗಾಯಿಸಬಹುದಿತ್ತು.

ಒಂದೇ ವಠಾರದಲ್ಲಿ ನಾಲ್ಕು ಮನೆ ಕಟ್ಟಿ, ನಡುವೆ ಗೋಡೆ ಎಬ್ಬಿಸಿ, ಬಾಗಿಲಲ್ಲಿ ಹೆಸರಿನ ಹಲಗೆ ತೂಗುಹಾಕಿದ ಹಾಗೆ. ಹತ್ತು ಮೆಗಾಬೈಟಿನ ಕಾಲದಲ್ಲಿ, ಇವತ್ತಿನ ಒಂದೆರಡು ಫೋಟೋ ಹಿಡಿಯುವಷ್ಟು ಜಾಗದಲ್ಲಿ, ನಾಲ್ಕು ಸಂಸಾರಗಳಿಗೆ ಅವಕಾಶ ಬಿಟ್ಟವರ ಮನಸ್ಸು ದೊಡ್ಡದು ಎನ್ನಬೇಕು. ಈ ಏರ್ಪಾಡು ಮೂವತ್ತು ವರ್ಷ ಬಾಳಿತು. ಆದರೆ ಹೊಸ್ತಿಲಿಗೆ ಬೀಗವಿರಲಿಲ್ಲ. ಕೊನೆಗೆ ಬಂದವರು ಅಲ್ಲಿದ್ದದ್ದನ್ನು ಅಳಿಸಿ ತಮ್ಮದನ್ನು ಬರೆಯಬಹುದಿತ್ತು.

ಮೈಕ್ರೋಸಾಫ್ಟ್ ಮತ್ತು ಐಬಿಎಂ ಒಟ್ಟಿಗೆ ಮಾಡಿದ ಓಎಸ್/2 1987ರಲ್ಲಿ ಬಂತು. ಆಮೇಲೆ ಇಬ್ಬರೂ ಬೇರೆಯಾದರು. 1992ರ ಓಎಸ್/2 2.0ರಲ್ಲಿ ಐಬಿಎಂ ಬೂಟ್ ಮ್ಯಾನೇಜರ್ ಎಂಬ ಪಟ್ಟಿಯನ್ನೇ ಕೊಟ್ಟಿತು, ಎದ್ದ ಕೂಡಲೇ "ಯಾವುದು ಬೇಕು?" ಎಂದು ಅದು ಕೇಳುತ್ತಿತ್ತು. 1993ರ ವಿಂಡೋಸ್ ಎನ್‌ಟಿಯೂ ತನ್ನ ಪಟ್ಟಿಯಲ್ಲಿ ಹಳೆಯ ಡಾಸಿಗೆ ಜಾಗ ಇಟ್ಟಿತ್ತು. ಸ್ವಂತ ಬಳಗಕ್ಕೆ ಮಣೆ ಹಾಕುವುದು ಸುಲಭ. ವಿಂಡೋಸ್ 95 ಹಾಕಿದರೆ ಮಾತ್ರ ಅದು ಹೊಸ್ತಿಲನ್ನು ತನ್ನ ಹೆಸರಿಗೆ ಬರೆದುಕೊಳ್ಳುತ್ತಿತ್ತು, ಪಕ್ಕದ ಮನೆಯಲ್ಲಿ ಯಾರಿದ್ದಾರೆಂದು ವಿಚಾರಿಸುತ್ತಿರಲಿಲ್ಲ.

ಲಿನಕ್ಸ್ ಹುಟ್ಟಿದ್ದೇ ಇನ್ನೊಬ್ಬರ ಮನೆಯ ಪಕ್ಕದ ಬಾಡಿಗೆದಾರನಾಗಿ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತನ್ನ ಹೊಸ 386 ಯಂತ್ರದಲ್ಲಿ ಮಿನಿಕ್ಸ್ ಹಾಕಿಕೊಂಡು, ಅದರ ಆಸರೆಯಲ್ಲಿ ತನ್ನದನ್ನು ಬರೆಯುತ್ತಿದ್ದ. ಮುಂದೆ ನಡೆದದ್ದನ್ನು ಅವನೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಮೋಡೆಮ್ ಮೂಲಕ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಫೋನು ಹಚ್ಚಲು ಹೋಗಿ, ಕೈತಪ್ಪಿ, ಡಯಲ್ ಮಾಡುವ ಆಜ್ಞೆಯನ್ನು ಹಾರ್ಡ್ ಡಿಸ್ಕಿನ ಮೇಲೆ ಬರೆದುಬಿಟ್ಟ. ಮಿನಿಕ್ಸ್ ಇದ್ದ ಪಾಲು ಹಾಳಾಯಿತು. ಮತ್ತೆ ಮಿನಿಕ್ಸ್ ಹಾಕುವುದೋ, ಲಿನಕ್ಸನ್ನೇ ಸ್ವಂತ ಕಾಲಿನ ಮೇಲೆ ನಿಲ್ಲಿಸುವುದೋ? ಎರಡನೆಯದನ್ನು ಆರಿಸಿಕೊಂಡ. ಅಮ್ಮನ ಪತ್ರ ಕಳೆದವನಿಗೆ ಇದನ್ನು ಓದಿ ಸ್ವಲ್ಪ ಸಮಾಧಾನವಾಯಿತು.

1992ರ ಸುಮಾರಿಗೆ ವರ್ನರ್ ಆಲ್ಮೆಸ್‌ಬರ್ಗರ್ ಬರೆದ ಲಿಲೋ ಲಿನಕ್ಸಿಗೂ ಡಾಸಿಗೂ ಬಾಗಿಲು ಕಾಯುವ ಕೆಲಸಕ್ಕೆ ನಿಂತಿತು. ತನ್ನ ಹೆಸರಿನ ನಾಲ್ಕು ಅಕ್ಷರಗಳನ್ನು ಒಂದೊಂದು ಹಂತ ದಾಟಿದಾಗ ಒಂದೊಂದಾಗಿ ಪರದೆಯ ಮೇಲೆ ಮೂಡಿಸುವುದು ಅದರ ಕ್ರಮ. ಎರಡೇ ಅಕ್ಷರ ಬಂದು ನಿಂತರೆ ಮುಂದಿನ ಹಂತ ಕೈಕೊಟ್ಟಿದೆ ಎಂದು ಅರ್ಥ. ಆ ಎರಡು ಅಕ್ಷರ ನೋಡಿ ಎದೆ ಧಸಕ್ಕೆಂದವರು ನಮ್ಮ ಕೇಳುಗರಲ್ಲೂ ಇದ್ದಾರು. ಲಿನಕ್ಸಿನ ತಿರುಳಾದ ಕರ್ನೆಲ್ ಡಿಸ್ಕಿನ ಯಾವ ಯಾವ ಜಾಗದಲ್ಲಿದೆ ಎಂದು ಲಿಲೋ ಬಾಯಿಪಾಠ ಮಾಡಿಟ್ಟುಕೊಳ್ಳುತ್ತಿತ್ತು. ಅದು ಒಂದಿಷ್ಟು ಕದಲಿದರೂ ಪಾಠ ಮತ್ತೆ ಹೇಳಿಕೊಡಬೇಕು, ಮರೆತರೆ ಯಂತ್ರ ಏಳದು. 1995ರಲ್ಲಿ ಎರಿಕ್ ಬೊಲೆಯ್ನ್ ಶುರುಮಾಡಿದ ಗ್ರಬ್ ಬಾಯಿಪಾಠ ಬಿಟ್ಟು, ಡಿಸ್ಕಿನ ಕಡತಗಳನ್ನು ತಾನೇ ಓದಿ ಹುಡುಕುವುದನ್ನು ಕಲಿತಿತ್ತು. ನಿಧಾನವಾಗಿ ಅದೇ ರೂಢಿಗೆ ಬಂತು. ಲಿಲೋದ ಅಭಿವೃದ್ಧಿ 2015ರ ಕೊನೆಗೆ ನಿಂತಿತು.

ನಮ್ಮಲ್ಲಿ ಲಿನಕ್ಸ್ ಬಹಳ ಮಂದಿಯ ಮನೆಗೆ ಬಂದದ್ದು ಪತ್ರಿಕೆಯ ಜೊತೆ. 1990ರ ದಶಕದ ಉತ್ತರಾರ್ಧದಲ್ಲಿ ಪಿಸಿಕ್ವೆಸ್ಟ್ ಸಂಚಿಕೆಗೆ ಲಿನಕ್ಸ್ ಸಿಡಿ ಅಂಟಿಸಿ ಕೊಡುತ್ತಿದ್ದರು. ಮುಂಬೈಯ ಲ್ಯಾಮಿಂಗ್ಟನ್ ರೋಡ್, ದೆಹಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್‌ಗಳಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಯಂತ್ರಗಳಿಗೆ ಆ ಸಿಡಿ ಹಾಕಿ ನೋಡುವುದು ಒಂದು ಸಾಹಸ. ಇಂಟರ್‌ನೆಟ್ಟಿಗೆ ನಿಮಿಷದ ಲೆಕ್ಕದಲ್ಲಿ ಫೋನ್ ಬಿಲ್ ಬರುತ್ತಿದ್ದ ದಿನಗಳಲ್ಲಿ ಅದು ದೊಡ್ಡ ಉಪಕಾರ.

ಹಾಗಾದರೆ ವಿಂಡೋಸನ್ನು ಪೂರ್ತಿ ಕಿತ್ತುಹಾಕಬಹುದಿತ್ತಲ್ಲ ಎಂದು ಕೇಳಬಹುದು. ಅಲ್ಲೇ ಇರುವುದು ಕನ್ನಡದವರ ಕಥೆ. ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಎರಡೂ ವಿಂಡೋಸಿನಲ್ಲಿ ನಡೆಯುವಂಥವು. ಊರಿಗೆ ಪತ್ರ, ಕನ್ನಡ ಸಂಘದ ಆಮಂತ್ರಣ, ನಾಟಕದ ಪ್ರತಿ ಎಲ್ಲ ಅವುಗಳಲ್ಲೇ. ಆಗಿನ ಕಡತಗಳಲ್ಲಿ ಅಕ್ಷರಗಳು ಆಯಾ ಫಾಂಟಿನ ಸಂಕೇತದಲ್ಲಿ ಇರುತ್ತಿದ್ದುದರಿಂದ ಲಿನಕ್ಸಿನಲ್ಲಿ ತೆರೆದರೆ ಕಾಣುತ್ತಿದ್ದದ್ದು ಚೆಲ್ಲಾಪಿಲ್ಲಿ ಇಂಗ್ಲಿಷ್ ಅಕ್ಷರ. ಯುನಿಕೋಡ್ ನೆಲೆಯೂರುವ ತನಕ ಲಿನಕ್ಸ್ ಮೆಚ್ಚಿದ ಕನ್ನಡಿಗನೂ ಕನ್ನಡಕ್ಕೋಸ್ಕರ ವಿಂಡೋಸಿನ ಪಾಲನ್ನು ಉಳಿಸಿಕೊಂಡ. ನಾನು ಎರಡು ಸಂಸಾರ ಹೂಡಿದ್ದಕ್ಕೂ ಅದೇ ಕಾರಣ.

ಇರಲಿ, ಕೋರ್ಟಿನ ವಿಷಯಕ್ಕೆ ಬರೋಣ. ಆಪಲ್ಲಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಜಾನ್-ಲೂಯಿ ಗಸ್ಸೇ ಹೊರಬಂದು ಬಿ ಎಂಬ ಕಂಪನಿ ಕಟ್ಟಿ ಬಿಓಎಸ್ ಎಂಬ ಆಪರೇಟಿಂಗ್ ಸಿಸ್ಟಂ ಮಾಡಿಸಿದರು. ಹಾಡು, ವಿಡಿಯೋ ಕೆಲಸಕ್ಕೆ ಅದು ಬಲು ಚುರುಕು ಎಂದು ಹೆಸರಾಗಿತ್ತು. ವಿಂಡೋಸನ್ನು ತೆಗೆಯಿರಿ ಎಂದು ಗಸ್ಸೇ ಕೇಳಲಿಲ್ಲ, ಪಕ್ಕದಲ್ಲಿ ಜಾಗ ಕೊಡಿ ಎಂದರು. ಜಪಾನಿನ ಹಿಟಾಚಿ ಒಪ್ಪಿ, ತನ್ನ ಫ್ಲೋರಾ ಪ್ರಿಯಸ್ ಕಂಪ್ಯೂಟರುಗಳಲ್ಲಿ ಎರಡನ್ನೂ ಹಾಕಿ ಮಾರಿತು. ಆದರೆ ಕೊಂಡವನು ಯಂತ್ರ ಹಚ್ಚಿದರೆ ಕಾಣುತ್ತಿದ್ದದ್ದು ವಿಂಡೋಸ್ ಮಾತ್ರ. ಎರಡರಲ್ಲಿ ಒಂದನ್ನು ಆರಿಸುವ ಪಟ್ಟಿಯೇ ಅಲ್ಲಿರಲಿಲ್ಲ. ಬಿಓಎಸ್ ಡಿಸ್ಕಿನ ಒಂದು ಮೂಲೆಯಲ್ಲಿ ಕಾಣದಂತೆ ಕೂತಿತ್ತು, ಎಬ್ಬಿಸಲು ಫ್ಲಾಪಿ ಹಿಡಿದು ಸರ್ಕಸ್ ಮಾಡಬೇಕು. ವಿಂಡೋಸ್ ಜೊತೆ ಇನ್ನೊಂದನ್ನು ಏಳುವಾಗ ತೋರಿಸದಂತೆ ಮೈಕ್ರೋಸಾಫ್ಟಿನ ಲೈಸೆನ್ಸ್ ಕರಾರು ತಡೆಯುತ್ತಿದೆ ಎಂಬುದು ಬಿ ಕಂಪನಿಯ ದೂರು. ಬಿಓಎಸ್ ಏಳುವಾಗ ಕಾಣುವಂತೆ ಮಾರುವ ಕಂಪನಿಗೆ ಅದನ್ನು ಪುಕ್ಕಟೆ ಕೊಡುತ್ತೇನೆ ಎಂದು ಗಸ್ಸೇ ಹೇಳಿದರೂ ಯಾರೂ ಮುಂದೆ ಬರಲಿಲ್ಲ. ಪುಕ್ಕಟೆ ಸಿಗುವ ಸರಕನ್ನೂ ಅಂಗಡಿಯವನು ಮುಟ್ಟುವುದಿಲ್ಲ ಎಂದರೆ ಅವನಿಗೆ ಯಾರದೋ ಹೆದರಿಕೆ ಇರಬೇಕು ಎಂದೇ ನನ್ನ ಅನುಮಾನ.

2001ರಲ್ಲಿ ಬಿ ತನ್ನ ಆಸ್ತಿಯನ್ನು ಪಾಮ್ ಕಂಪನಿಗೆ ಮಾರಿತು. 2002ರಲ್ಲಿ ಮೊಕದ್ದಮೆ ಹೂಡಿತು. 2003ರಲ್ಲಿ ಮೈಕ್ರೋಸಾಫ್ಟ್ ತಪ್ಪು ಒಪ್ಪಿಕೊಳ್ಳದೆ 2 ಕೋಟಿ 32.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಷ್ಟರಲ್ಲಿ, ಅಮೆರಿಕ ಸರ್ಕಾರವೇ ಮೈಕ್ರೋಸಾಫ್ಟಿನ ಮೇಲೆ ಹಾಕಿದ್ದ ದೊಡ್ಡ ಮೊಕದ್ದಮೆಯ 2002ರ ನವೆಂಬರಿನ ಅಂತಿಮ ತೀರ್ಪಿನಲ್ಲಿ ಒಂದು ಕಲಮು ಸೇರಿತ್ತು: ಎರಡು ಆಪರೇಟಿಂಗ್ ಸಿಸ್ಟಂ ಏಳುವ ಯಂತ್ರ ಮಾರಿದ ತಯಾರಕನ ಮೇಲೆ ಮೈಕ್ರೋಸಾಫ್ಟ್ ಸೇಡು ತೀರಿಸಿಕೊಳ್ಳುವಂತಿಲ್ಲ, ಬೇರೆಯವರ ಬೂಟ್ ಪಟ್ಟಿ ಹಾಕುವುದನ್ನು ತಡೆಯುವಂತಿಲ್ಲ. ಹೊಸ್ತಿಲಿಗೆ ಕಾನೂನು ಬಂದಿತ್ತು, ಬಿಓಎಸ್ ಅಷ್ಟರಲ್ಲಿ ಮನೆ ಖಾಲಿ ಮಾಡಿಯಾಗಿತ್ತು.

ಆಪಲ್ ಕಥೆ ತಿರುವುಮುರುವು. ಇಂಟೆಲ್ ಚಿಪ್ಪಿಗೆ ಬದಲಾದ ಮೇಲೆ 2006ರ ಏಪ್ರಿಲಿನಲ್ಲಿ ತಾನೇ ಬೂಟ್ ಕ್ಯಾಂಪ್ ಕೊಟ್ಟು ಮ್ಯಾಕ್‌ನಲ್ಲಿ ವಿಂಡೋಸಿಗೆ ಮನೆ ಮಾಡಿಕೊಟ್ಟಿತು. 2020ರಲ್ಲಿ ಸ್ವಂತ ಚಿಪ್ಪಿನ ಮ್ಯಾಕ್‌ಗಳು ಬಂದಾಗ ಅವುಗಳಲ್ಲಿ ಆ ಬಾಗಿಲು ಇರಲಿಲ್ಲ.

ಮೇಲೆ ಹೇಳಿದ ತೀರ್ಪಿನ ಅವಧಿ 2011ರ ಮೇನಲ್ಲಿ ಮುಗಿಯಿತು. ಆ ಹೊತ್ತಿಗೆ ಹಳೆಯ 512 ಬೈಟಿನ ಹೊಸ್ತಿಲೂ ಸವೆದಿತ್ತು. ಅದರ ಪಟ್ಟಿ 2 ಟೆರಾಬೈಟಿಗಿಂತ ದೊಡ್ಡ ಡಿಸ್ಕಿನ ಲೆಕ್ಕ ಹಿಡಿಯದು. ಅದರ ಜಾಗಕ್ಕೆ ಯುಇಎಫ್‌ಐ ಬಂತು. ಪಾಲುಗಳು ನಾಲ್ಕರ ಬದಲು 128, ಪ್ರತಿ ಸಂಸಾರಕ್ಕೂ ಬೂಟ್ ಕಡತ ಇಡಲು ಬೇರೆ ಬೇರೆ ಗೂಡು. ಒಬ್ಬರದನ್ನು ಒಬ್ಬರು ಅಳಿಸುವ ಕಾಟ ಬಹಳ ಕಡಿಮೆಯಾಯಿತು. ಆದರೆ ಜೊತೆಗೆ ಸೆಕ್ಯೂರ್ ಬೂಟ್ ಎಂಬ ಕಾವಲುಗಾರನೂ ಬಂದ. ನಂಬಿಕೆಯ ಸಹಿ ಇಲ್ಲದ ಯಾವ ಪ್ರೋಗ್ರಾಮನ್ನೂ ಅವನು ಒಳಗೆ ಬಿಡುವುದಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಅವಿತುಕೊಳ್ಳುವ ವೈರಸ್ಸುಗಳನ್ನು ತಡೆಯಲು ಅದು ಬೇಕಾದದ್ದೇ. ಪ್ರಶ್ನೆ, ಸಹಿ ಯಾರದು? 2012ರ ವಿಂಡೋಸ್ 8 ಜೊತೆ ಬಂದ ಯಂತ್ರಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಮೈಕ್ರೋಸಾಫ್ಟಿನ ಕೀಲಿಗಳು. ರೆಡ್ ಹ್ಯಾಟಿನಲ್ಲಿದ್ದ ಮ್ಯಾಥ್ಯೂ ಗ್ಯಾರೆಟ್ 2011ರಲ್ಲೇ ಈ ಬಗ್ಗೆ ಎಚ್ಚರಿಸಿ, ಆಮೇಲೆ ಶಿಮ್ ಎಂಬ ಸಣ್ಣ ಪ್ರೋಗ್ರಾಮ್ ಬರೆದರು. ಅದಕ್ಕೆ ಮೈಕ್ರೋಸಾಫ್ಟಿನ ಸಹಿ ಹಾಕಿಸಿಕೊಂಡು, ಅದರ ಬೆನ್ನ ಹಿಂದೆ ಗ್ರಬ್, ಗ್ರಬ್ಬಿನ ಹಿಂದೆ ಲಿನಕ್ಸ್ ಒಳಗೆ ಹೋಗುವ ಉಪಾಯ. ಎದುರುಮನೆಯವನ ಚೀಟಿ ಹಿಡಿದು ನಮ್ಮ ಮನೆಗೆ ನಾವು ಹೋದ ಹಾಗೆ, ಆದರೂ ಕೆಲಸ ನಡೆಯಿತು.

2024ರ ಆಗಸ್ಟಿನಲ್ಲಿ ಆ ಚೀಟಿಯ ಬೆಲೆ ತಿಳಿಯಿತು. ಹಳೆಯ, ದೋಷವಿದ್ದ ಬೂಟ್ ಪ್ರೋಗ್ರಾಮುಗಳನ್ನು ತಡೆಯಲು ಮೈಕ್ರೋಸಾಫ್ಟ್ ಒಂದು ಅಪ್‌ಡೇಟ್ ಕಳಿಸಿತು. ಎರಡು ಸಂಸಾರದ ಯಂತ್ರಗಳಿಗೆ ಇದು ತಗಲುವುದಿಲ್ಲ ಎಂದು ಹೇಳಿತ್ತು. ಆದರೆ ಅನೇಕ ಯಂತ್ರಗಳಲ್ಲಿ ಪಕ್ಕದ ಮನೆಯಲ್ಲಿ ಲಿನಕ್ಸ್ ಇರುವುದು ಅದಕ್ಕೆ ಗೊತ್ತಾಗಲೇ ಇಲ್ಲ. ಮರುದಿನ ಲಿನಕ್ಸ್ ಎಬ್ಬಿಸಲು ಹೋದವರಿಗೆ ಕಂಡದ್ದು, ಏನೋ ಭಾರೀ ಎಡವಟ್ಟಾಗಿದೆ ಎಂಬರ್ಥದ ಒಂದು ಸಾಲು, ಆಮೇಲೆ ಯಂತ್ರ ತಾನಾಗಿ ಆಫ್. ಸರಿಪಡಿಸಿದ ಅಪ್‌ಡೇಟ್ ಬಂದದ್ದು 2025ರ ಮೇನಲ್ಲಿ, ಒಂಬತ್ತು ತಿಂಗಳಿಗೆ.

ಅಂದ ಹಾಗೆ, 2003ರಲ್ಲಿ ಭಾನುವಾರದ ಕನ್ನಡ ಕಾರ್ಯಕ್ರಮವನ್ನು ಕ್ಯಾಸೆಟ್ಟಿಗೆ ಟೇಪ್ ಮಾಡಿಟ್ಟುಕೊಂಡ ಕೇಳುಗರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಅಮ್ಮ ಬರೆದದ್ದು ಡೊಂಬಿವಲಿಯ ಲೋಕಲ್ ಟ್ರೈನಿನಲ್ಲಿ ಮಲ್ಲಿಗೆ ಮಾರುವ ಉಡುಪಿಯ ಕಡೆಯ ಹೆಂಗಸಿನ ಬಗ್ಗೆ.