ಬೊಜ್ಜಿನ ಶಸ್ತ್ರಚಿಕಿತ್ಸೆಯ ನಂತರ ನುಂಗುವ ತೊಂದರೆ: ಕಬ್ಬಿಣಾಂಶದ ಕೊರತೆಯತ್ತ ಒಂದು ನೋಟ

ಬೊಜ್ಜಿನ ಶಸ್ತ್ರಚಿಕಿತ್ಸೆ ಆದವರು ತುತ್ತು ಗಂಟಲಲ್ಲೇ ನಿಲ್ಲುತ್ತದೆ ಎಂದರೆ, ಚೆನ್ನಾಗಿ ಅಗಿದು ನಿಧಾನವಾಗಿ ಉಣ್ಣಿ ಎಂಬ ಸಲಹೆ ಸಿಗುತ್ತದೆ. ಮೊದಲ ತಿಂಗಳುಗಳಲ್ಲಿ ಎಷ್ಟೋ ಸಲ ಅಷ್ಟು ಸಾಕು. ಆದರೆ ವರ್ಷಗಳು ಕಳೆದ ಮೇಲೆ ಈ ತೊಂದರೆ ಹೊಸದಾಗಿ ಶುರುವಾದರೆ, ಕಬ್ಬಿಣಾಂಶದ ಕೊರತೆಯೇ ಅದಕ್ಕೆ ಕಾರಣವಾಗಿರಬಹುದೇ ಎಂದು ಪರಿಶೀಲಿಸಬೇಕು ಎಂಬುದು ಈ ಟಿಪ್ಪಣಿಯ ವಾದ.

ಕೊರತೆಯ ಮೂಲ

ಗ್ಯಾಸ್ಟ್ರಿಕ್ ಬೈಪಾಸ್ ವಿಧಾನವನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ 1966ರಲ್ಲಿ ಆರಂಭಿಸಿದರು. ಅದರ ಇಂದಿನ ರೂಪದಲ್ಲಿ ಜಠರದ ಮೇಲ್ಭಾಗದ ಒಂದು ಸಣ್ಣ ಚೀಲವನ್ನು ಸಣ್ಣಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ದೇಹ ಕಬ್ಬಿಣವನ್ನು ಮುಖ್ಯವಾಗಿ ಹೀರಿಕೊಳ್ಳುವುದು ಸಣ್ಣಕರುಳಿನ ಮೊದಲ ಭಾಗವಾದ ಡುಯೋಡಿನಮ್‌ನಲ್ಲಿ. ಉಂಡ ಅನ್ನ ಆ ದಾರಿಯನ್ನೇ ಹಾಯುವುದಿಲ್ಲ. ಸೊಪ್ಪು, ಕಾಳು, ರಾಗಿಯ ಕಬ್ಬಿಣ ಕರಗಲು ಬೇಕಾದ ಜಠರಾಮ್ಲವೂ ತಗ್ಗುತ್ತದೆ. ಜಠರವನ್ನು ಕೊಳವೆಯಂತೆ ಕಿರಿದಾಗಿಸುವ ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಕರುಳಿನ ದಾರಿ ಬದಲಾಗದಿದ್ದರೂ ಆಮ್ಲ, ಊಟ ಎರಡೂ ಕಡಿಮೆಯಾಗುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಎಂದರೆ, ಇಲ್ಲಿ ಹಲವರು ಶಸ್ತ್ರಚಿಕಿತ್ಸೆಗೆ ಹೋಗುವಾಗಲೇ ಕಬ್ಬಿಣಾಂಶದ ಕೊರತೆಯಲ್ಲಿರಬಹುದು.

ಎಲ್ಲಿ ಸಿಕ್ಕಿಕೊಳ್ಳುತ್ತದೆ?

ತೊಂದರೆಯ ಜಾಗ ಮತ್ತು ಕಾಲ ಎರಡನ್ನೂ ಕೇಳಿ ತಿಳಿಯಬೇಕು. ಜಠರ–ಕರುಳಿನ ಜೋಡಣೆ ಕಿರಿದಾದರೆ ಸಾಮಾನ್ಯವಾಗಿ ಕೆಲವು ವಾರ, ತಿಂಗಳುಗಳಲ್ಲೇ ಎದೆಯ ಕೆಳಗೆ ಒತ್ತಿದಂತಾಗಿ ವಾಂತಿಯಾಗುತ್ತದೆ. ಜೋಡಣೆಯ ಹುಣ್ಣು ನೋವಿನ ಜೊತೆಗೆ ರಕ್ತಸ್ರಾವವನ್ನೂ ತರಬಲ್ಲದು. ಪ್ಲಮರ್–ವಿನ್ಸನ್ ಸಿಂಡ್ರೋಮ್‌ನ ಲಕ್ಷಣಗಳೇ ಬೇರೆ. ಬ್ರಿಟನ್ನಿನ ಪ್ಯಾಟರ್ಸನ್ ಮತ್ತು ಬ್ರೌನ್ ಕೆಲ್ಲಿ 1919ರಲ್ಲಿ ಪ್ರತ್ಯೇಕವಾಗಿ ವರ್ಣಿಸಿದ ಈ ಅಪರೂಪದ ಕಾಯಿಲೆಯಲ್ಲಿ ಕಬ್ಬಿಣಾಂಶದ ಕೊರತೆಯ ಜೊತೆಗೆ ಅನ್ನನಾಳದ ಮೇಲ್ತುದಿಯಲ್ಲಿ ತೆಳುವಾದ ಪೊರೆ ಬೆಳೆಯುತ್ತದೆ. ನೋವಿರುವುದಿಲ್ಲ, ಮೊದಲು ಗಟ್ಟಿ ಆಹಾರ ತಡೆಯುತ್ತದೆ, ರೋಗಿ ಕೈಯಿಟ್ಟು ತೋರಿಸುವುದು ಗಂಟಲನ್ನು. ನಾಲಿಗೆ ನುಣುಪಾಗಿ, ತುಟಿಯಂಚು ಒಡೆದಿರಬಹುದು. ಕೆಲವರ ಉಗುರು ಒಂದು ಹನಿ ನೀರು ನಿಲ್ಲುವಷ್ಟು ತಗ್ಗಾಗಿರುತ್ತದೆ.

ಪರೀಕ್ಷೆ ಮತ್ತು ಆರೈಕೆ

ಹಿಮೋಗ್ಲೋಬಿನ್ ಸರಿಯಿದೆ ಎಂದು ಸುಮ್ಮನಾಗುವಂತಿಲ್ಲ. ಅದು ಇಳಿಯುವ ಮೊದಲೇ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಫೆರಿಟಿನ್ ಆ ದಾಸ್ತಾನನ್ನು ತೋರಿಸುತ್ತದೆ, ಆದರೆ ಉರಿಯೂತವಿದ್ದಾಗ ಏರಿ ದಾರಿ ತಪ್ಪಿಸುತ್ತದೆ. ಹಾಗಾಗಿ ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನ್ ಎಷ್ಟು ತುಂಬಿದೆ ಎಂದು ತೋರಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಪರೀಕ್ಷೆಯೂ ಜೊತೆಗಿರಲಿ. ಎಂಡೋಸ್ಕೋಪಿಯ ಕೊಳವೆ ಗಂಟಲು ದಾಟುವ ಭರದಲ್ಲಿ ಪೊರೆಯನ್ನು ಕಾಣದೆಯೇ ಹರಿದುಬಿಡಬಹುದು. ಆದ್ದರಿಂದ ಬೇರಿಯಂ ನುಂಗಿಸಿ, ಪಕ್ಕದಿಂದ ಎಕ್ಸ್‌ರೇ ತೆಗೆದು ನೋಡುವುದು ಉಪಯುಕ್ತ.

ಗ್ಯಾಸ್ಟ್ರಿಕ್ ಬೈಪಾಸ್ ಆದವರಿಗೂ ಬೊಜ್ಜಿನ ಶಸ್ತ್ರಚಿಕಿತ್ಸೆಯಾದ, ಮುಟ್ಟಾಗುವ ಮಹಿಳೆಯರಿಗೂ ದಿನಕ್ಕೆ 45–60 ಮಿ.ಗ್ರಾಂ ಧಾತುರೂಪದ (ಎಲಿಮೆಂಟಲ್) ಕಬ್ಬಿಣ ಬೇಕೆಂದು ಅಮೆರಿಕದ ಬೊಜ್ಜುಶಸ್ತ್ರತಜ್ಞರ ಸಂಘ ಹೇಳುತ್ತದೆ. ಕ್ಯಾಲ್ಸಿಯಂ ಮಾತ್ರೆ, ಕಾಫಿ, ಟೀ ಇದರ ಜೊತೆ ಸಲ್ಲದು. ಮಾತ್ರೆ ಹಿಡಿಯದಿದ್ದರೆ ರಕ್ತನಾಳದ ಮೂಲಕ ಕೊಡಬೇಕು. ಕಬ್ಬಿಣ ತುಂಬಿದಂತೆ ಕೆಲವರಿಗೆ ನುಂಗುವುದು ಸಲೀಸಾಗುತ್ತದೆ; ಉಳಿದವರಿಗೆ ಪೊರೆಯನ್ನು ಹಿಗ್ಗಿಸಬೇಕಾಗುತ್ತದೆ. ಈ ಕಾಯಿಲೆ ಗಂಟಲು, ಅನ್ನನಾಳದ ಕ್ಯಾನ್ಸರಿನ ಅಪಾಯವನ್ನೂ ಹೆಚ್ಚಿಸುವುದರಿಂದ, ತುತ್ತು ಸಲೀಸಾಗಿ ಇಳಿಯಿತೆಂದು ತಪಾಸಣೆಯನ್ನು ಕೈಬಿಡಬಾರದು.